ಪಕ್ಕದ ಖಾಲಿ ಗೋಡೆ

'ಇವರು ನೋಡ್ತಿರೋದು ನನ್ನನ್ನೋ... ನನ್ನ ಪಕ್ಕದ ಗೋಡೆಯನ್ನೋ?'

ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತ ಕೋಕಿಲಾಳಿಗೆ ಅನುಮಾನ. ಎನ್.ಆರ್. ಕಾಲೋನಿಯ ಆ ಮನೆಗೆ ಹೆಣ್ಣು ನೋಡಲು ಬಂದಿದ್ದ ಮಧುಸೂದನ್ ಒಂದು ಕ್ಷಣ ಅವಳತ್ತ ನೋಡುತ್ತಿದ್ದ, ಮರುಕ್ಷಣ ಪಕ್ಕದ ಖಾಲಿ ಗೋಡೆಯತ್ತ. ಮತ್ತೆ ಅವಳು. ಮತ್ತೆ ಗೋಡೆ!

"ಏನು ಕೆಲಸ ಮಾಡ್ತೀರಪ್ಪಾ?" ಸೋದರತ್ತೆ ಗಂಗರತ್ನಮ್ಮ ಕೇಳಿದರು.

"ಧೂಮಕೇತುಗಳ ಧೂಳನ್ನ ಸ್ಟಡಿ ಮಾಡ್ತೀನಿ. ಟೆಲಿಸ್ಕೋಪಲ್ಲಿ."

"ಅಯ್ಯೋ, ಶುಭಕಾರ್ಯಕ್ಕೆ ಬಂದು ಆ ಹೆಸರು ಎತ್ತಬಾರದಪ್ಪಾ! ನಕ್ಷತ್ರ ಅಂದ್ಬಿಡಿ, ಸಾಕು."

ಸಂಜೆಯಾದರೆ ಮಹಡಿಯಿಂದ ಬರಿಗಣ್ಣಿಗೇ ಧೂಮಕೇತು ಕಾಣುತ್ತಿದ್ದ ೧೯೯೭ರ ದಿನಗಳು ಅವು. ಕೋಕಿಲಾಳಿಗೆ ನಗು ಬಂತು. ಅವನೂ ನಕ್ಕ. ಆ ನಗು ಅವಳೊಳಗೆ ಎಲ್ಲೋ ಇಳಿಯಿತು... ಅಷ್ಟರಲ್ಲಿ ಅವನ ಕಣ್ಣು ಮತ್ತೆ ಗೋಡೆಗೆ ಹೋಯಿತು.

ಅವರು ಹೊರಟ ಮೇಲೆ ಅಮ್ಮ ಒಪ್ಪಿಗೆಯೇ ಎಂದು ಕೇಳಿದಾಗ ಅವಳು ಅವಮಾನ ನುಂಗಿಕೊಂಡು ಹೇಳಿದಳು, "ಅವರಿಗೆ ನಮ್ಮನೆ ಗೋಡೆ ಹಿಡಿಸಿದೆ ಕಣಮ್ಮಾ. ಅದನ್ನೇ ಕೊಟ್ಟು ಕಳಿಸು!"

ಬೇಡವೆಂಬ ಮಾತು ಅವನ ಮನೆಗೆ ತಲುಪಿತು. ಯಾಕೆ ಎಂದು ಅವನು ಕೇಳಲಿಲ್ಲ.

ಕೋಕಿಲಾ ವಿಜ್ಞಾನದ ಟೀಚರ್ ಆದಳು, ಹರಿಕೃಷ್ಣನ ಹೆಂಡತಿಯಾದಳು. ೨೦೦೭ರಲ್ಲಿ ಒಂದು ಮಧ್ಯಾಹ್ನ ಬಸವನಗುಡಿಯಲ್ಲಿ ಶಿಕ್ಷಕರಿಗಾಗಿ ಉಪನ್ಯಾಸವಿತ್ತು. ವೇದಿಕೆಯ ಮೇಲೆ ಮಧುಸೂದನ್... ಕಿವಿಯ ಪಕ್ಕ ನರೆ.

"ಬಿಸಿಲಿಗೆ ಕಾದ ಧೂಳು ಅವಗೆಂಪು ಬೆಳಕು ಸೂಸುತ್ತೆ. ಕಣ್ಣಿಗೆ ಕಾಣಲ್ಲ. ಆದ್ರೆ ನಮ್ಮ ಗಾಳಿ, ನಮ್ಮ ಟೆಲಿಸ್ಕೋಪು, ಅವೂ ಬೆಚ್ಚಗಿದ್ದು ಅದೇ ಬೆಳಕು ಸೂಸ್ತವಲ್ಲ? ಅದಕ್ಕೇ ಒಂದ್ಸಲ ಧೂಮಕೇತು ನೋಡ್ತೀವಿ, ಒಂದ್ಸಲ ಪಕ್ಕದ ಖಾಲಿ ಆಕಾಶ. ಇದನ್ನ ಅದರಿಂದ ಕಳೆದ್ರೆ, ಉಳಿಯೋದು ಧೂಳಿಂದು ಮಾತ್ರ."

ಕೋಕಿಲಾ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟಳು.

ಸಭೆ ಚದುರಿದ ಮೇಲೆ ಅವನೆದುರು ನಿಂತಳು. "ಅವತ್ತು... ಆ ಗೋಡೆ..."

ಅವನು ತಲೆ ತಗ್ಗಿಸಿದ. "ಮನೆ ತುಂಬ ಜನ, ನಗು, ತುಪ್ಪದ ಘಮ. ನನಗಾಗ್ತಿದ್ದ ಸಂತೋಷ ಆ ಮನೆಯಿಂದಲೋ, ನಿಮ್ಮಿಂದಲೋ... ಗೊತ್ತಾಗ್ಲಿಲ್ಲ. ಅದಕ್ಕೇ ಒಂದ್ಸಲ ನಿಮ್ಮನ್ನ, ಒಂದ್ಸಲ ಪಕ್ಕದ ಗೋಡೆನ ನೋಡ್ತಿದ್ದೆ. ಕೆಲಸದ ಅಭ್ಯಾಸ ನೋಡಿ."

"ಕಳೆದು ನೋಡಿದ್ರಾ?"

"ನೋಡಿದೆ."

"ಏನು ಉಳೀತು?"

ಅವನ ತುಟಿ ಅಲುಗಿತು. ಹೊರಗೆ ಸ್ಕೂಟರಿನ ಹಾರ್ನ್ ಕೇಳಿಸಿತು.

"ನಮ್ಮನೆಯವರು..." ಎಂದಳು ಕೋಕಿಲಾ. ಕದಲಲಿಲ್ಲ.

"ಹೊರಡಿ. ಬಿಸಿಲಲ್ಲಿ ಕಾಯ್ತಿದಾರೆ."

ಈ ಸಲ ಅವನು ಪಕ್ಕದ ಗೋಡೆ ನೋಡಲಿಲ್ಲ. ಅವಳನ್ನೇ ನೋಡುತ್ತಿದ್ದ.

ಅವಳು ಇಷ್ಟವಾಗಿದ್ದಳೆಂದು ಅವನು ಅವತ್ತೂ ಹೇಳಲಿಲ್ಲ, ಇವತ್ತೂ ಹೇಳಲಿಲ್ಲ.