ಮೂರು ಸಲ ಹಾಲಿನ ದುಡ್ಡು

“ಅಪ್ಪ, ಹಾಲಿನ ದುಡ್ಡು ಮೂರು ಸಲ ಬರೆದಿದೀರಿ!” ಅಮ್ಮ ಕಂಪ್ಯೂಟರ್ ಪರದೆಗೆ ಮೂಗು ತಾಗುವಷ್ಟು ಬಗ್ಗಿದ್ದಳು. “ಕರೆಂಟ್ ಬಿಲ್ಲೂ ಎರಡು ಸಲ!”

“ಒಂದೊಂದೇ ಸಲ ಬರೆದೆನಲ್ಲಮ್ಮ,” ಎಂದರು ತಾತ. ಅವರ ದನಿ ಸಣ್ಣಗಾಗಿತ್ತು.

“ಮರೆವು ಜಾಸ್ತಿ ಆಗ್ತಿದೆ ನಿಮಗೆ. ನಾಳೆಯಿಂದ ಮನೆ ಲೆಕ್ಕ ನಾನೇ ನೋಡ್ಕೋತೀನಿ, ಬಿಡಿ.”

ತಾತನ ಮುಖ ಬಾಡಿಹೋಯಿತು. ಕಣ್ಣು ಮಂಜಾದ ಮೇಲೆ ಅವರು ಪೇಪರ್ ಓದುವುದು ಬಿಟ್ಟಿದ್ದರು, ಸ್ಕೂಟರ್ ಬಿಟ್ಟಿದ್ದರು. ಉಳಿದದ್ದು ಈ ಲೆಕ್ಕ ಒಂದೇ.

ಯಾಕಮ್ಮನಿಗೆ ಸಂಕಟವಾಯಿತು. ಹೊತ್ತಿಲ್ಲ ಗೊತ್ತಿಲ್ಲ, ಯಾಕೆ ಯಾಕೆ ಎಂದು ಎಲ್ಲರ ತಲೆ ತಿನ್ನುವ ಮೊಮ್ಮಗಳಿಗೆ ತಾತನೇ ಇಟ್ಟ ಹೆಸರು ಅದು. ಮೊನ್ನೆ ಮೊನ್ನೆಯ ತನಕ ತಾತನ ಲೆಕ್ಕದಲ್ಲಿ ಒಂದು ಪೈಸೆಯೂ ತಪ್ಪಿರಲಿಲ್ಲ. ಈಗ ಯಾಕೆ?

ಬದಲಾಗಿದ್ದು ಒಂದೇ. ಹಳೆಯ ಕಂಪ್ಯೂಟರ್ ಕೆಟ್ಟು ಹೊಸದು ಬಂದಿತ್ತು. ತಾತನ ಲೆಕ್ಕದ ಪ್ರೋಗ್ರಾಂ ಅದರಲ್ಲಿ ಜಪ್ಪಯ್ಯ ಅಂದರೂ ಓಪನ್ ಆಗಲಿಲ್ಲ. ಅದು ದುಡ್ಡು ಕೊಟ್ಟು ಕೊಂಡದ್ದಲ್ಲ. ಯಾರೋ ಪುಣ್ಯಾತ್ಮರು ಬರೆದು, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಿಕೊಳ್ಳಲಿ ಎಂದು ಇಂಟರ್‌ನೆಟ್ಟಿನಲ್ಲಿ ಇಟ್ಟದ್ದು. ಕಂಪ್ಯೂಟರ್ ಕೆಲಸದ ಚಿಕ್ಕಮ್ಮ ಅದನ್ನು ಬಿಚ್ಚಿ, ಹೊಸ ಕಂಪ್ಯೂಟರಿಗೆ ಒಗ್ಗುವಂತೆ ತಿದ್ದಿ ಕೊಟ್ಟಿದ್ದಳು. ಪಕ್ಕದಲ್ಲಿ ಕೂತು ಸಲಹೆ ಕೊಟ್ಟವಳು ನಮ್ಮ ಯಾಕಮ್ಮನೇ.

“ತಾತ, ನನ್ನೆದುರು ಒಂದ್ಸಲ ಬರೀರಿ. ಸುಮ್ನೆ, ನೋಡೋಕೆ.”

ತಾತ ದೊಡ್ಡ ದೊಡ್ಡ ಅಕ್ಷರದಲ್ಲಿ ‘ತರಕಾರಿ’ ಎಂದು ಟೈಪ್ ಮಾಡಿದರು, ದುಡ್ಡು ಎಷ್ಟೆಂದು ಬರೆದರು, ಎಂಟರ್ ಒತ್ತಿದರು. ಪರದೆಯ ಮೂಲೆಯಲ್ಲಿ ‘ಸೇವ್ ಆಯಿತು’ ಎಂಬ ಇರುವೆಯಂಥ ಅಕ್ಷರಗಳು ಬಂದು ಹೋದವು. ತಾತ ಅತ್ತ ನೋಡಲೇ ಇಲ್ಲ. ಸ್ಪೀಕರ್ ಕಡೆ ಕಿವಿ ವಾಲಿಸಿ ಕಾದರು. ಮತ್ತೆ ಎಂಟರ್ ಒತ್ತಿದರು. ಪಟ್ಟಿಯಲ್ಲಿ ತರಕಾರಿ ಎರಡು ಸಲ ಬಂತು.

“ಯಾಕೆ ತಾತ ಮತ್ತೆ ಒತ್ತಿದ್ರಿ?”

“ಸೇವ್ ಆಗಲಿಲ್ವಲ್ಲ ಪುಟ್ಟಿ. ಟಿಕ್ ಅನ್ನಲಿಲ್ಲ ನೋಡು.”

ಯಾಕಮ್ಮನಿಗೆ ತಟ್ಟನೆ ನೆನಪಾಯಿತು. ಹಳೆಯ ಪ್ರೋಗ್ರಾಂ ಪ್ರತಿ ಸಲ ಸೇವ್ ಆದಾಗಲೂ ಟಿಕ್ ಅನ್ನುತ್ತಿತ್ತು. “ಈ ಸೌಂಡನ್ನೂ ಹೊಸದಕ್ಕೆ ತರಬೇಕೇನೇ?” ಎಂದು ಚಿಕ್ಕಮ್ಮ ಕೇಳಿದಾಗ, “ಥೂ, ಬೇಡ! ಓಲ್ಡ್ ಫ್ಯಾಶನ್!” ಎಂದವಳು ಇವಳೇ. ತಾತನನ್ನು ಕೇಳಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ತುಟಿ ಪಿಟಕ್ಕೆನ್ನದೆ ಇದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಬೈಸಿಕೊಂಡವರು ತಾತ. ಅವಳು ಅಡುಗೆಮನೆಗೆ ಓಡಿದಳು.

“ಅಮ್ಮಾ, ತಾತಂಗೆ ಮರೆವೂ ಇಲ್ಲ, ಏನೂ ಇಲ್ಲ! ತಪ್ಪು ನಂದು! ಸ್ವಲ್ಪ ಚಿಕ್ಕಮ್ಮಂದು!”

ಎಲ್ಲವನ್ನೂ ಕೇಳಿದ ಅಮ್ಮ ಕೈ ಒರೆಸಿಕೊಂಡು ಹೋಗಿ ತಾತನ ಪಕ್ಕ ಕೂತಳು. “ದುಡುಕಿಬಿಟ್ಟೆ ಅಪ್ಪ. ಲೆಕ್ಕ ನೀವೇ ನೋಡ್ಕೊಳ್ಳಿ.”

ಫೋನಿನಲ್ಲಿ ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. “ಅಯ್ಯೋ, ಎಂಥಾ ಬುದ್ಧಿವಂತರೇ ನಾವು! ಭಾನುವಾರ ಬಂದು ಆ ಟಿಕ್ ಸೌಂಡ್ ಹಾಕಿಕೊಡ್ತೀನಿ.” ಹೇಳಿದಂತೆ ಬಂದು ಹಾಕಿಯೂ ಕೊಟ್ಟಳು.

ಮರುದಿನ ಸಂಜೆ ಯಾಕಮ್ಮ ಕಾರ್ಟೂನ್ ನೋಡುತ್ತಿದ್ದಳು. ಟೀವಿಯಲ್ಲಿ ಮನೆ ಹಾರಿಹೋಗುವಂಥ ಗದ್ದಲ. ಅವಳ ಹಿಂದೆ ಕೂತಿದ್ದ ತಾತ ಎಂಟರ್ ಒತ್ತಲು ಬೆರಳೆತ್ತಿದರು. ಅವರ ಕಿವಿ ಸ್ಪೀಕರ್ ಕಡೆ ವಾಲಿತು.

ಯಾಕಮ್ಮ ರಿಮೋಟ್ ತೆಗೆದುಕೊಂಡು ಟೀವಿಯ ಸದ್ದು ಪೂರ್ತಿ ತಗ್ಗಿಸಿದಳು. ತಾನೂ ಕಿವಿಗೊಟ್ಟು ಕೂತಳು.