ಕೊಂಕಲ್ ಬಾವಿಯ ಕಲ್ಲಿದ್ದಲು

"ಇದು ಖರೇನ ಕಲ್ಲಿದ್ದಲಾದ್ರ ನನ್ನ ಹೊಲ ಹೋಗ್ತದಂತ್ರಿ," ಎಂದು ದಾವಲಬೀ ಸೆರಗಿನ ಗಂಟು ಬಿಚ್ಚಿ, ಮಿರಿಮಿರಿ ಹೊಳೆಯುವ ಕರಿ ತುಂಡುಗಳನ್ನು ನುಜ್ಹತ ಬೇಗಂ ಎದುರು ಇಟ್ಟಳು.

ಸುರಪುರದ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತರಾಗಿದ್ದ ನುಜ್ಹತ, ಊರವರ ಕಳವು ಮೋಸಗಳನ್ನು ಬಿಡಿಸುವುದರಲ್ಲೂ ಹೆಸರಾಗಿದ್ದರು. ಅವರನ್ನು ಅಕ್ಕನೆಂಬಂತೆ 'ಆಪಾ' ಎನ್ನುವ ಪಕ್ಕದ ಮನೆಯ ಗುರುದೇವಿ ಸದಾ ಅವರ ಬೆನ್ನಿಗೆ. ತಾನಿಲ್ಲದಿದ್ದರೆ ಆಪಾ ಊಟ ಮಾಡುವುದನ್ನೂ ಮರೆಯುತ್ತಾರೆಂದು ಅವಳ ನಂಬಿಕೆ.

ದಾವಲಬೀ ಹೇಳಿದ್ದಿಷ್ಟು. ಕೊಂಕಲ್‌ನ ಅವಳ ಹೊಲದಲ್ಲಿ ಅಕ್ಕನ ಮಗ ಹಾಶಿಮ ಬಾವಿ ತೋಡುವಾಗ ಇವು ಸಿಕ್ಕವು. ಸರಕಾರ ಹೊಲ ಕಸಿಯುವ ಮೊದಲೇ ತನ್ನ ಹೆಸರಿಗೆ ಬರೆದುಕೊಟ್ಟರೆ ಮುಂದಿನದು ತಾನು ನೋಡಿಕೊಳ್ಳುತ್ತೇನೆಂದು ಬಾಜೂ ಹೊಲದ ನಾಗಣ್ಣ ಹೇಳಿದ್ದಾನೆ. ನಾಳೆಯೇ ನೋಂದಣಿ. ಗಂಡ ಸತ್ತ ಮೇಲೆ ಆ ಹೊಲವೇ ಅವಳ ಅನ್ನ.

ನಾಗಣ್ಣ ಗುರುದೇವಿಯ ಒಡಹುಟ್ಟಿದ ಅಣ್ಣ, ದಾಲ್ ಮಿಲ್ಲಿನ ಮಾಲೀಕ. ಅಣ್ಣ ಕೈಹಿಡಿದನೆಂದರೆ ದಾವಲಬೀ ದಡ ಸೇರಿದಳೆಂದೇ ಅವಳು ತಿಳಿದಳು.

ನುಜ್ಹತ ಒಂದು ತುಂಡನ್ನು ಒಡೆದ ಹೆಂಚಿನ ಮೇಲೆ ಗೀಚಿದರು. ಕಪ್ಪು ಗೆರೆ ಮೂಡಿತು. ಕೈಯಲ್ಲಿ ತೂಗಿದರೆ ಕಲ್ಲಿಗಿಂತ ಹಗುರ. ಕಲ್ಲಿದ್ದಲೇ ಹೌದೆಂದರು. ದಾವಲಬೀಯ ಮುಖ ಬಿಳಿಚಿತು. ನುಜ್ಹತ ಮಾತ್ರ ತುಂಡಿನ ಸಂದಿಯಲ್ಲಿದ್ದ ಕೆಂಪು ಸಿಪ್ಪೆಯ ಚೂರನ್ನು ನೋಡಿ, ಮೂಸಿ, ಬೆರಳು ಉಜ್ಜಿಕೊಂಡು, ಬಾವಿಗೆ ನಡೆಯಿರಿ ಎಂದರು.

ಬಾವಿಗಿಳಿದು ಅವರು ಗೋಡೆಯ ನಾಲ್ಕೂ ಕಡೆ ಕಲ್ಲೊಡೆದು, ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ ತಂದರು. ಅಷ್ಟರಲ್ಲಿ ನಾಗಣ್ಣನ ಜೀಪೂ ಬಂತು. ಬಾವಿಯ ಬಳಿಯೇ ಇದ್ದ ಹಾಶಿಮನೂ ಸೇರಿ ಎಲ್ಲರೂ ಮಣ್ಣಿನ ಗುಡ್ಡೆಯ ಸುತ್ತ ನಿಂತರು.

"ಇದ್ದಲು ಹುಟ್ಟೂದು ಪದರಗಲ್ಲಿನ್ಯಾಗ. ಇಲ್ಲಿ ಬರೇ ಗ್ರಾನೈಟ್ ಅದ," ಎಂದರು ನುಜ್ಹತ. "ನೆಲದಾಗಿಂದ ಕಿತ್ತಿದ್ರ ಮಗ್ಗುಲ ಕಲ್ಲು ಚೂರರೆ ಅಂಟಿರತಿತ್ತು. ಇವನ್ನ ಯಾರೋ ತಂದು ಹುಗದಾರ."

ಗುರುದೇವಿಗೆ ತಡೆಯಲಾಗಲಿಲ್ಲ. ಹಾಶಿಮ ಕಡೇಚೂರಿನ ಕಾರ್ಖಾನೆಯಲ್ಲಿ ಬಾಯ್ಲರಿಗೆ ಇದ್ದಲು ತುಂಬುವವನಲ್ಲವೇ ಎಂದು ಅವನ ಮುಖಕ್ಕೇ ಅಂದುಬಿಟ್ಟಳು. ಹುಡುಗ ತಲೆ ತಗ್ಗಿಸಿದ.

ನುಜ್ಹತ ತುಂಡಿನ ಮೇಲೆ ನೀರು ಸುರಿದರು. ನೀರು ಹನಿಹನಿಯಾಗಿ ಜಾರಿತು. ಅಲ್ಲಿಯ ಲಾರಿಗಳಿಂದ ರಸ್ತೆಗೆ ಬಿದ್ದ ಇದ್ದಲು ಯಾರಿಗಾದರೂ ಸಿಗುತ್ತದೆ ಎಂದರು. ತಂದವನು ಧೂಳು ಹೋಗಲೆಂದು ತೊಳೆದಿದ್ದಾನೆ, ಮಂಕಾದಾಗ ಎಣ್ಣೆ ಸವರಿದ್ದಾನೆ. "ದಿನಾ ಇದ್ದಲು ತುಂಬಾಂವಗ ಅದು ಹೊಳೀಬೇಕಂತ ಅನಸೂದಿಲ್ಲ. ಸರಕಿಗೆ ಹೊಳಪು ಕೊಟ್ಟು ಮಾರೋ ಕೈಗೆ ಅನಸ್ತದ. ಸಂದಿನ್ಯಾಗ ತೊಗರಿ ಸಿಪ್ಪಿ ಅದ. ಎಣ್ಣಿ ಯಾವುದು, ನೀನ ನೋಡು ಗುರುದೇವಿ."

ಗುರುದೇವಿ ಮೂಸಿದಳು. ಔಡಲೆಣ್ಣೆ. ತವರಿನ ಮಿಲ್ಲಿನಲ್ಲಿ ಹೊಳಪಿಗೆಂದು ಬೇಳೆಗೆ ಅದನ್ನು ಸವರುತ್ತಲೇ ಬೆಳೆದವಳು ಅವಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾಗಣ್ಣ ಅಂಗೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತಿದ್ದ.

"ಅಣ್ಣಾ, ನೀನು?"

"ಎರಡೂ ಹೊಲ ಕೂಡಿದ್ರ ಚಲೋ ಆಗ್ತಿತ್ತು," ಎಂದ ಅವನು, ನೆಲ ನೋಡುತ್ತ.

ದಾವಲಬೀ ಅವನತ್ತ ತಿರುಗಲೂ ಇಲ್ಲ. ಹೊಲ ತನ್ನದಾಗಿಯೇ ಉಳಿಯಿತೇ ಎಂದು ನುಜ್ಹತರನ್ನು ಎರಡೆರಡು ಸಲ ಕೇಳಿ, ಮಣ್ಣಿನ ಮೇಲೆ ಕುಳಿತು ಅತ್ತಳು. ಗುರುದೇವಿ ಹಾಶಿಮನ ಬಳಿ ಹೋಗಿ ತಪ್ಪಾಯಿತೆಂದು ಕೈಮುಗಿದಳು.

ನಾಗಣ್ಣ ಜೀಪು ಚಾಲೂ ಮಾಡಿ, ತಂಗಿಗಾಗಿ ಬಾಗಿಲು ತೆರೆದು ಕಾದ. ಅವಳು ಆಪಾ ಅವರ ಕೈಚೀಲ ಎತ್ತಿಕೊಂಡು ಬಸ್ಸಿನ ದಾರಿ ಹಿಡಿದಳು.