ನಾಲ್ಕು ಸಾವಿರದ ಹನ್ನೆರಡನೇ ರೋಗಿ

ಗುರುವಾರ ಬೆಳಿಗ್ಗೆ ೧೦-೨೦ಕ್ಕೆ ಸ್ಕ್ಯಾನಿಂಗ್ ಸೆಂಟರಿನ ಡಾಕ್ಟರು ದೂರು ಹಿಡಿದು ಠಾಣೆಗೆ ಬಂದರು. ಸ್ಕ್ಯಾನ್ ಕೋಣೆಯ ಕಂಪ್ಯೂಟರ್ ಎರಡು ದಿನದಿಂದ ತೆರೆಯುತ್ತಿಲ್ಲ. ಪಾಸ್‌ವರ್ಡ್ ಬಲ್ಲವನು ಆಪರೇಟರ್ ಒಬ್ಬನೇ, ಅವನು ಮರೆತೆನೆನ್ನುತ್ತಾನೆ. ಯಾರೋ ಹೊರಗಿನವರ ಕೈವಾಡ ಎಂದು ಡಾಕ್ಟರ ಗುಮಾನಿ. ತಲೆಯಲ್ಲಿ ಗಡ್ಡೆಯಿರುವ ಲಾರಿ ಡ್ರೈವರೊಬ್ಬನ ಹಳೆಯ ಚಿತ್ರಗಳು ಅದರೊಳಗಿದ್ದವು. ಶುಕ್ರವಾರ ಎಂಟಕ್ಕೆ ಆಪರೇಷನ್. ಹಳೆಯ ಚಿತ್ರ ನೋಡದೆ ಕೈಹಾಕುವುದಿಲ್ಲವೆಂದು ಸರ್ಜನ್ ಖಡಾಖಂಡಿತವಾಗಿ ಹೇಳಿದ್ದರು.

ಇನ್‌ಸ್ಪೆಕ್ಟರಮ್ಮ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಮತ್ತು ಕಂಪ್ಯೂಟರ್ ರಿಪೇರಿಯವನೊಂದಿಗೆ ಹನ್ನೊಂದಕ್ಕೆ ಅಲ್ಲಿದ್ದರು.

ಕಿಟಕಿಯಿಲ್ಲದ ಕೋಣೆ. ಸೀಸದ ಹಾಳೆ ಬಡಿದ ಬಾಗಿಲು. ಐವತ್ತು ದಾಟಿದ ಆಪರೇಟರ್ ಸ್ವೆಟರ್ ಹಾಕಿಕೊಂಡು ಕೀಬೋರ್ಡಿನ ಮುಂದೆ ಕೂತಿದ್ದ. ನೆನಪಾಗುವವರೆಗೂ ಏಳಕೂಡದೆಂದು ಡಾಕ್ಟರ ಅಪ್ಪಣೆಯಾಗಿತ್ತು.

"ನಮ್ಮ ಠಾಣೆ ಪಾಸ್‌ವರ್ಡು ಚಹಾದವನಿಗೂ ಗೊತ್ತು ಮೇಡಂ. ಅದೇ ವಾಸಿ," ಎಂದ ಹೆಡ್ ಕಾನ್‌ಸ್ಟೆಬಲ್. ಇನ್‌ಸ್ಪೆಕ್ಟರಮ್ಮ ನಗದೆ ಆಪರೇಟರನ ಕಡೆ ತಿರುಗಿದರು.

"ಪಾಸ್‌ವರ್ಡ್ ಹಾಕಿ ಎಷ್ಟು ದಿನ ಆಯ್ತು?"

"ಆರು ವರ್ಷ."

"ದಿನಕ್ಕೆ ಎಷ್ಟು ಸಲ ಒತ್ತುತಿದ್ರಿ?"

"ನಲವತ್ತು ಸಲ ಆಗ್ಬಹುದು."

"ಕಣ್ಣು ಮುಚ್ಚಿ ಒತ್ತಿ. ಯೋಚನೆ ಮಾಡ್ಬೇಡಿ."

ಅವನ ಬೆರಳುಗಳು ಎಲ್ಲೂ ತಡವರಿಸದೆ ಹನ್ನೊಂದು ಅಕ್ಷರ ಒತ್ತಿ ನಿಂತವು. ಪರದೆ ತಪ್ಪೆಂದಿತು. ಇನ್ನೂ ಎರಡು ಸಲ ಒತ್ತಿಸಿದರು. ಅದೇ ಹನ್ನೊಂದು, ಅದೇ ಲಯ, ಅದೇ ಉತ್ತರ.

"ನಿಮಗೆ ಹಳೇದು ಮರೆತಿಲ್ಲ. ಯಾರೋ ಹೊಸದು ಹಾಕಿದ್ದಾರೆ."

ಆಪರೇಟರ್ ಕೀಬೋರ್ಡಿನಿಂದ ಕೈ ತೆಗೆದ.

ಇನ್‌ಸ್ಪೆಕ್ಟರಮ್ಮ ಹಾಜರಿ ಪುಸ್ತಕ ತರಿಸಿದರು. ಮಂಗಳವಾರ ಆ ಕೋಣೆಯಲ್ಲಿ ಬೇರೆ ಯಾರೂ ಕೆಲಸ ಮಾಡಿರಲಿಲ್ಲ. ಪುಸ್ತಕದೊಳಗೆ ಹನ್ನೊಂದು ರಜೆ ಅರ್ಜಿಗಳಿದ್ದವು. ಎಲ್ಲದರ ಮೇಲೂ ಕೆಂಪು ಶಾಯಿಯಲ್ಲಿ ಒಂದೇ ಮಾತು: ‘ಬದಲಿ ಆಳಿಲ್ಲ.’ ಕೊನೆಯದು ಮಂಗಳವಾರ ಸಂಜೆ ನಾಲ್ಕರದು. ಕಾರಣ, ಮಗಳ ಹೆರಿಗೆ. ಇನ್‌ಸ್ಪೆಕ್ಟರಮ್ಮ ಅದನ್ನು ಅವನ ಮುಂದಿಟ್ಟರು.

"ನಾಲ್ಕರ ಮೇಲೆ ಏನು ಮಾಡಿದ್ರಿ?"

ಆಪರೇಟರ್ ಅರ್ಜಿಯನ್ನು ಮಡಚಿಟ್ಟ.

"ನಾಳೆ ಎಂಟಕ್ಕೆ ಆ ಡ್ರೈವರ್ ಮೇಜಿನ ಮೇಲೆ ಮಲಗ್ತಾನೆ. ಅವನೂ ಮಗಳೊಬ್ಬಳ ಅಪ್ಪನೇ."

ಆಪರೇಟರ್ ಮುಖ ಕಿವುಚಿಕೊಂಡ. "ಯಾವುದೋ ವರದಿಯಿಂದ ಒಂದು ಸಾಲು ಎತ್ತಿ, ಹೊಸ ಪಾಸ್‌ವರ್ಡ್ ಕೇಳೋ ಕಡೆ ಎರಡು ಸಲ ಅಂಟಿಸ್ದೆ. ಓದ್ಲೂ ಇಲ್ಲ. ನಂಗೂ ಗೊತ್ತಿರಬಾರದು ಅಂತ. ಗೊತ್ತಿದ್ರೆ ಬಾಯಿ ಬಿಟ್ಬಿಡ್ತೀನಿ. ಮೆಷಿನ್ ಕೆಟ್ರೆ ಬಾಗ್ಲು ಹಾಕ್ತಾರೆ, ಊರಿಗೆ ಹೋಗ್ಬಹುದು ಅಂದ್ಕೊಂಡೆ. ಇವ್ರು ನನ್ನನ್ನೇ ಇಲ್ಲಿ ಕೂರ್ಸಿದ್ರು."

"ಇದರ ಡಿಸ್ಕಿಗೂ ಬೀಗ ಇದೆ ಮೇಡಂ," ಎಂದ ರಿಪೇರಿಯವ. "ಮೊದಲು ಬೀಗ ಹಾಕಿದಾಗ ಅದನ್ನ ತೆರೆಯೋಕೆ ಅಂತ ಕಂಪ್ಯೂಟರೇ ನಲವತ್ತೆಂಟು ಅಂಕಿ ಕೊಟ್ಟಿರುತ್ತೆ. ಆ ಚೀಟಿ ಇಲ್ದೆ ನಾನೂ ಕೈಚೆಲ್ಲಬೇಕು."

"ಚೀಟಿ ಎಲ್ಲಿದೆ?"

"ನಾಲ್ಕು ಸಾವಿರದ ಹನ್ನೆರಡು," ಎಂದ ಆಪರೇಟರ್. ರೋಗಿ ಸಂಖ್ಯೆಯಿಲ್ಲದ ಕಾಗದ ಈ ಕೋಣೆಯಲ್ಲಿ ಕಂಡರೆ ಹರಿದು ಹಾಕುವುದು ಡಾಕ್ಟರ ಕಟ್ಟಳೆ. ಹಾಗಾಗಿ ಅವನು ಕಂಪ್ಯೂಟರನ್ನೇ ಆ ಸಂಖ್ಯೆಯ ರೋಗಿ ಮಾಡಿ ಚೀಟಿ ಉಳಿಸಿಕೊಂಡಿದ್ದ.

ಹೆಡ್ ಕಾನ್‌ಸ್ಟೆಬಲ್ ಕಪಾಟಿನಿಂದ ಲಕೋಟೆ ಎಳೆದ. ಹೆಸರು: ಕಂಪ್ಯೂಟರ್. ವಯಸ್ಸು: ಒಂದು ದಿನ. ತೊಂದರೆ: ಸದ್ಯಕ್ಕಿಲ್ಲ. ಇಬ್ಬರು ಪಂಚರ ಸಾಕ್ಷಿಯಲ್ಲಿ ಹೆಡ್ ಕಾನ್‌ಸ್ಟೆಬಲ್ ಅಂಕಿ ಓದಿದ, ರಿಪೇರಿಯವ ಒತ್ತಿದ. ಡಿಸ್ಕ್ ತೆರೆದ ಮೇಲೆ ತನ್ನ ಪೆನ್‌ಡ್ರೈವ್ ಹಾಕಿ ಹೊಸ ಪಾಸ್‌ವರ್ಡ್ ಕೂರಿಸಿದ. ೨-೧೫ಕ್ಕೆ ಡ್ರೈವರನ ತಲೆಯ ಚಿತ್ರ ಪರದೆಗೆ ಬಂತು. ಪಂಚನಾಮೆ ಮುಗಿದಾಗ ಮೂರೂವರೆ.

ಡಾಕ್ಟರು ಸಿಡಿಮಿಡಿಗೊಂಡರು. "ಈಗ ಇವನನ್ನ ಕರ್ಕೊಂಡು ಹೋದ್ರೆ ಮೆಷಿನ್ ಯಾರಮ್ಮ ನಡ್ಸೋದು?"

"ಬದಲಿ ಆಳು ನೋಡ್ಕೊಳ್ಳಿ," ಎಂದರು ಇನ್‌ಸ್ಪೆಕ್ಟರಮ್ಮ.

೩-೪೦ಕ್ಕೆ ದಸ್ತಗಿರಿ. ಮನೆಯವರಿಗೆ ತಿಳಿಸುವುದು ನಿಯಮ. ಅವನು ಮಗಳ ನಂಬರ್ ಕೊಟ್ಟ. ಇನ್‌ಸ್ಪೆಕ್ಟರಮ್ಮ ತಾವೇ ಮಾತಾಡಬೇಕೆಂದಿದ್ದರು. ಅಷ್ಟರಲ್ಲಿ ಆ ಕಡೆಯಿಂದ ಕೂಸಿನ ಅಳು ಕೇಳಿತು. ಅವರು ಫೋನನ್ನು ಅವನ ಕೈಗೇ ಕೊಟ್ಟರು.

"ಅಪ್ಪಾ, ರಜೆ ಸಿಕ್ತಾ?"

"ಸಿಕ್ತು ಮಗಳೇ," ಎಂದ ಅವನು. "ಆದ್ರೆ ಬರೋಕಾಗಲ್ಲ."